ಉಳಿದ ಮೂರು ಗಂಟೆ

ನಮ್ಮ ಕಾರ್ಖಾನೆಯ ಸ್ಟೋರ್ಸಿಗೆ ಏಸಿ ಬಂದದ್ದು ನಮಗಾಗಿ ಅಲ್ಲ, ಸಿಸ್ಟಮ್ಮಿಗಾಗಿ. ತಗಡಿನ ಚಾವಣಿಯ ಕೆಳಗೆ ರಬ್ಬರ್ ವಾಸನೆ ಕುಡಿಯುತ್ತ ನಾನು ಇಪ್ಪತ್ತು ಬೇಸಿಗೆ ಕಳೆದಿದ್ದೆ. ಈ ಹೆಂಗಸಿಗೆ ಸೆಖೆ ಆಗಬಹುದು ಎಂದು ಒಬ್ಬ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ. ಸಿಸ್ಟಮ್ ಬರುತ್ತದೆ ಎಂದಾದ ಮೇಲೆ ಇಬ್ಬರು ಬಂದು ಗೋಡೆ ಕೊರೆದು ಏಸಿ ಕೂರಿಸಿದರು. ಯಂತ್ರಕ್ಕೆ ಬಿಸಿ ತಡೆಯುವುದಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನ್ನ ಕುರ್ಚಿಯನ್ನು ಏಸಿಯ ನೇರಕ್ಕೆ ಎಳೆದುಕೊಂಡೆ.

ಕಾರ್ಖಾನೆ ಇರುವುದು ಕೆ.ಆರ್. ಪುರದ ತೂಗುಸೇತುವೆ ದಾಟಿ, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ. ರಬ್ಬರಿನ ವಾಷರು, ಗ್ಯಾಸ್ಕೆಟ್ಟು, ಬುಷ್ಷು ಮಾಡುತ್ತೇವೆ. ನಿಮ್ಮ ಮನೆಯ ನಲ್ಲಿ ಸೋರದಿದ್ದರೆ ಅದಕ್ಕೆ ನಾವು ಕಾರಣ ಇರಬಹುದು. ಸೋರುತ್ತಿದ್ದರೆ ಅದು ಬೇರೆ ಕಂಪನಿಯ ಮಾಲು. ಬಂದ ಮಾಲು ಒಳಗೆ ತೆಗೆದುಕೊಳ್ಳುವುದು, ಕೇಳಿದವರಿಗೆ ಕೊಡುವುದು, ಕೊಟ್ಟದ್ದನ್ನು ಬರೆಯುವುದು ನನ್ನ ಕೆಲಸ. ಮರ್ಫಿ ಟೌನಿನ ಮನೆಯಿಂದ ಹಲಸೂರು ಮೆಟ್ರೋವರೆಗೆ ನಡಿಗೆ, ಅಲ್ಲಿಂದ ಕೆ.ಆರ್. ಪುರ, ಅಲ್ಲಿಂದ ಕಂಪನಿಯ ವ್ಯಾನು. ನನ್ನ ಗಂಡ ಆಟೋ ಓಡಿಸುತ್ತಿದ್ದರು, ಮಂಡಿ ಕೈಕೊಟ್ಟ ಮೇಲೆ ಬಿಟ್ಟರು. ಮನೆಗೆ ಬರುವ ಸಂಬಳ ಎಂದರೆ ಈಗ ನನ್ನದೊಂದೇ.

ಸಿಸ್ಟಮ್ ಎಂದರೆ ಕಂಪ್ಯೂಟರಲ್ಲ. ಕಂಪ್ಯೂಟರು ನಮ್ಮಲ್ಲಿ ಮೊದಲೂ ಇತ್ತು, ಅದರ ಮೇಲೆ ನಾನು ಊಟದ ಡಬ್ಬಿ ಇಡುತ್ತಿದ್ದೆ. ಇದು ಇಡೀ ಕಂಪನಿಯನ್ನು ಒಂದೇ ಹಗ್ಗಕ್ಕೆ ಕಟ್ಟುವ ಸಾಫ್ಟ್‌ವೇರು. ಮಾಲು ಕೊಳ್ಳುವವರು, ಸ್ಟೋರ್ಸಿನವರು, ಮೆಷಿನ್ನಿನವರು, ಲಾರಿಗೆ ಮಾಲು ಹತ್ತಿಸುವ ಡಿಸ್‌ಪ್ಯಾಚಿನವರು, ಅಕೌಂಟ್ಸಿನವರು, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅದರೊಳಗೇ ಬರೆಯಬೇಕು. ಒಬ್ಬರು ಬರೆದದ್ದು ಉಳಿದವರಿಗೆಲ್ಲ ಆಗಿಂದಾಗಲೇ ಕಾಣುತ್ತದೆ. ನಾನು ಒಂದು ಮೂಟೆ ರಬ್ಬರ್ ಕೊಟ್ಟೆ ಎಂದು ಒತ್ತಿದರೆ, ರಿಚರ್ಡ್ಸ್ ಟೌನಿನ ಬಂಗಲೆಯಲ್ಲಿ ಕಾಫಿ ಕುಡಿಯುತ್ತಿರುವ ನಮ್ಮ ಯಜಮಾನರ ಫೋನಿನಲ್ಲಿ ಒಂದು ಹಸಿರು ಕಡ್ಡಿ ಗಿಡ್ಡವಾಗುತ್ತದೆ. ಮೂಟೆ ನಿಜಕ್ಕೂ ಹೋಯಿತೋ ಇಲ್ಲವೋ, ಕಡ್ಡಿ ಮಾತ್ರ ಗಿಡ್ಡವಾಗುತ್ತದೆ.

ಶುರುವಾದ ದಿನ ಪೂಜೆ ಆಯಿತು. ಡಿಸ್‌ಪ್ಯಾಚ್ ನೋಡಿಕೊಳ್ಳುವ ಮನುಷ್ಯ ಹಲಸೂರಿನವನು, ಮನೆಯಲ್ಲಿ ತಮಿಳು, ಲಾರಿಯವರ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ. ಅವನು ಸರ್ವರ್ ಇಟ್ಟ ನಮ್ಮ ಸ್ಟೋರ್ಸಿನ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ. ಅದರ ನೀರು ಬಾಗಿಲ ಸಂದಿಯಿಂದ ಒಳಗೆ ಹರಿಯಿತು. ಸಾಫ್ಟ್‌ವೇರ್ ಕಂಪನಿಯವರು ಪ್ಯಾಂಟು ಮಡಚಿ ವೈರುಗಳನ್ನು ಎತ್ತಿ ಹಿಡಿದುಕೊಂಡು ನಿಂತರು. ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟ ಇಲ್ಲ, ಕುಂಬಳಕಾಯಿಯಲ್ಲಿ ನನಗೆ ನಂಬಿಕೆಯೂ ಇಲ್ಲ. ಆದರೆ ಬಟ್ಟೆ ತಂದು ನೆಲ ಒರೆಸಿದವಳು ನಾನೇ.

ಲಾಭ ಆಗಲಿಲ್ಲ ಎಂದರೆ ನಾಲಿಗೆ ಬಿದ್ದುಹೋಗುತ್ತದೆ. ಎಲ್ಲರಿಗೂ ಆಯಿತು. ಡಿಸ್‌ಪ್ಯಾಚಿನವನಿಗೆ ಆದಷ್ಟು ಯಾರಿಗೂ ಆಗಲಿಲ್ಲ. ಮೊದಲೆಲ್ಲ ಮಾಲು ತಡವಾದರೆ ಗಿರಾಕಿಗೆ ಹೇಳಲು ಅವನು ದಿನಕ್ಕೊಂದು ಹೊಸ ಸುಳ್ಳು ಹುಟ್ಟಿಸಬೇಕಿತ್ತು. ಪಾಪ, ಅವನ ಬಾಯಲ್ಲಿ ಎಷ್ಟು ಜನ ಲಾರಿ ಡ್ರೈವರುಗಳ ಅತ್ತೆಯರು ಸತ್ತಿದ್ದರೋ. ಈಗ ಒಂದೇ ಮಾತು: “ಸಿಸ್ಟಮ್ ತಗೊಳ್ತಿಲ್ಲ ಗುರು.” ಆ ಕಡೆಯವರಿಗೂ ಒಂದು ಸಿಸ್ಟಮ್ ಇರುವುದರಿಂದ ಅವರು ಬೈಯುವುದು ಬಿಟ್ಟು, ನಿಮ್ಮದೂ ಹಾಗೇನಾ ಎಂದು ಮರುಗುತ್ತಿದ್ದರು. ಯಜಮಾನರು ಬಂಗಲೆಯಲ್ಲೇ ಕೂತು ಕಡ್ಡಿ ನೋಡುವುದನ್ನು ಕಲಿತು ಕಾರ್ಖಾನೆಗೆ ಬರುವುದನ್ನು ಕಡಿಮೆ ಮಾಡಿದರು. ಇದು ಇಡೀ ಕಂಪನಿ ಒಮ್ಮತದಿಂದ ಒಪ್ಪಿದ ಲಾಭ. ನನಗೆ ಏಸಿ ಸಿಕ್ಕಿತ್ತು, ಚಕ್ರದ ಕುರ್ಚಿಯೂ ಸಿಕ್ಕಿತ್ತು.

ಕೆಲಸ ಮಾತ್ರ ಎರಡಾಯಿತು. ಬಂದ ಮಾಲನ್ನು ಕ್ವಾಲಿಟಿಯವರು ಪಾಸು ಮಾಡುವವರೆಗೆ ಸಿಸ್ಟಮ್ ಅದನ್ನು ಯಾರಿಗೂ ಕೊಡಲು ಬಿಡುವುದಿಲ್ಲ. ಮೆಷಿನ್ನು ಅಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕೆ ನಾವು ಬೆಳಗ್ಗೆ ಚೀಟಿ ಬರೆದುಕೊಂಡು ಮಾಲು ಕೊಟ್ಟುಬಿಡುತ್ತಿದ್ದೆವು, ಊಟದ ಮೇಲೆ ಕೂತು ಆ ಚೀಟಿಗಳನ್ನೆಲ್ಲ ಸಿಸ್ಟಮ್ಮಿಗೆ ಹೊಡೆಯುತ್ತಿದ್ದೆವು. ಮದುವೆ ಮಾತೆಲ್ಲ ಮುಗಿದ ಮೇಲೆ ಮನೆಯ ಅಜ್ಜನನ್ನು ಒಂದು ಮಾತು ಕೇಳುವುದಿಲ್ಲವೇ, ಹಾಗೆ. ನಮ್ಮ ಸಿಸ್ಟಮ್ ಅಜ್ಜನೂ ತಲೆ ಆಡಿಸುತ್ತಿದ್ದ.

ಅಜ್ಜನ ಕಡೆಯವಳು ಒಬ್ಬ ಹುಡುಗಿ. ಸಾಫ್ಟ್‌ವೇರ್ ಕಂಪನಿಯವರು ನಮಗೆ ಕಲಿಸಲು ಬಿಟ್ಟುಹೋದವಳು. ಗದಗದ ಕಡೆಯವಳು, ಕೆ.ಆರ್. ಪುರದ ಒಂದು ಪೀಜಿಯಲ್ಲಿ ಇದ್ದಳು. ಮೊದಲ ವಾರ ನನ್ನನ್ನು ಮೇಡಮ್ ಎಂದಳು, ಎರಡನೆಯ ವಾರದಿಂದ ಅಕ್ಕಾರ ಎಂದಳು. ಮೊದಲು ಎಂಟ್ರಿ, ಆಮೇಲೆ ಮಾಲು ಎಂದು ದಿನಾ ಹೇಳುವಳು. ನಾನು ಹೂಂ ಎಂದು ಮೊದಲು ಮಾಲು, ಆಮೇಲೆ ಎಂಟ್ರಿ ಮಾಡುವೆನು. ಅವಳಿಗೆ ಅದು ಗೊತ್ತಿತ್ತು. ಊಟದ ಹೊತ್ತಿಗೆ ನಾವು ಏಸಿ ಕೆಳಗೆ ಡಬ್ಬಿ ಬಿಚ್ಚಿದರೆ ಅವಳು ಪೀಜಿಯ ತಣ್ಣನೆಯ ಚಪಾತಿ ತಂದು ನನ್ನ ಪಕ್ಕ ಕೂರುತ್ತಿದ್ದಳು. ಅದನ್ನು ನೋಡಲಾಗದೆ ನಾನು ಒಂದು ಡಬ್ಬಿ ಹೆಚ್ಚಿಗೆ ತರಲು ಶುರುಮಾಡಿದೆ. ನಮ್ಮ ಸಾರು ಸಪ್ಪೆ ಎಂದು ಮುಖಕ್ಕೇ ಹೇಳುತ್ತಿದ್ದಳು. ಕೊಬ್ಬು ಎಂದುಕೊಂಡು ಇನ್ನೊಂದು ಸೌಟು ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಊಟ ಮುಟ್ಟಲಿಲ್ಲ. ಕೇಳಿದಾಗ ಹೇಳಿದಳು. ಅವಳಿನ್ನೂ ಪ್ರೊಬೇಷನ್ನಿನಲ್ಲಿದ್ದಾಳೆ. ಪರ್ಮನೆಂಟ್ ಮಾಡುವುದೋ ಮನೆಗೆ ಕಳಿಸುವುದೋ ಎನ್ನುವುದು ನಮ್ಮ ಮೇಲೆ ನಿಂತಿದೆ. ಸಿಸ್ಟಮ್‌ನಿಂದ ಎಷ್ಟು ಲಾಭವಾಗಿದೆ ಎಂದು ಕೇಳಲು ಜನ ಬರುತ್ತಾರೆ. ನಾವು ಚೆನ್ನಾಗಿ ಹೇಳಿದರೆ ಅವಳು ಒಳಗೆ, ಇಲ್ಲದಿದ್ದರೆ ಹೊರಗೆ.

ಹೊರಗೆ ಎಂದರೆ ಏನೆಂದು ಅವಳು ಒಮ್ಮೆ ನೋಡಿದ್ದಳು. ಇದಕ್ಕೆ ಮುಂಚಿನ ಕಂಪನಿ ಹೊಸಬರನ್ನೆಲ್ಲ ಒಂದೇ ಇಮೇಲಿನಲ್ಲಿ ಕಳಿಸಿತ್ತು. ಮನೆಗೆ ಹೇಳಲು ಧೈರ್ಯ ಸಾಲದೆ, ಪೀಜಿಯವರಿಗೂ ಗೊತ್ತಾಗಬಾರದೆಂದು ಅವಳು ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿ, ಕೆ.ಆರ್. ಪುರ ರೈಲು ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದಳಂತೆ. ಲ್ಯಾಪ್‌ಟಾಪನ್ನು ಕಂಪನಿ ಕಿತ್ತುಕೊಂಡಿತ್ತು. ಬ್ಯಾಗು ಚಪ್ಪಟೆಯಾಗಿ ಕಾಣಬಾರದೆಂದು ಒಳಗೆ ಬೆಡ್‌ಶೀಟು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಈ ಬೆಡ್‌ಶೀಟಿನ ಮಾತು ಕೇಳಿ ಡಬ್ಬಿಯನ್ನು ಅವಳ ಮುಂದಕ್ಕೆ ತಳ್ಳಿದೆ. ನಾನು ಅವಳಿಗೆ, ತಿನ್ನು, ಎಂದು ಗದರಿದೆ.

ಲಾಭ ಕೇಳುವವರು ಬಂದರು. ಇವರು ಸಾಫ್ಟ್‌ವೇರಿನವರೂ ಅಲ್ಲ, ನಮ್ಮವರೂ ಅಲ್ಲ. ಲಾಭ ಅಳೆಯುವುದೇ ವೃತ್ತಿಯಾದ ಮೂರನೆಯ ಕಂಪನಿಯವರು. ಹೀಗೂ ಒಂದು ವೃತ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬಿಳೀ ಬೂಟಿನ ಒಬ್ಬ ಸಲಹೆಗಾರರು ನಮ್ಮ ನಮ್ಮ ಕಂಪ್ಯೂಟರಿನಲ್ಲೇ ಪ್ರಶ್ನೆಗಳನ್ನು ತೆರೆದುಕೊಟ್ಟರು. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಸಿಸ್ಟಮ್‌ನಿಂದ ನಿಮ್ಮ ನಿರ್ಧಾರಗಳ ಗುಣಮಟ್ಟ ಎಷ್ಟು ಹೆಚ್ಚಿದೆ? ನಾನು ದಿನಕ್ಕೆ ಮಾಡುವುದು ಒಂದೇ ನಿರ್ಧಾರ, ರಾತ್ರಿ ಸಾರಿಗೆ ಬೇಳೆಯೋ ಕಾಳೋ ಎಂದು. ಅದರ ಗುಣಮಟ್ಟ ಮೊದಲಿನ ಹಾಗೇ ಇತ್ತು. ಐದು ಕೊಟ್ಟೆ. ಸಂಸ್ಥೆಯ ಭವಿಷ್ಯದ ಬಗ್ಗೆ ನಿಮ್ಮ ನೋಟ ಎಷ್ಟು ಸ್ಪಷ್ಟವಾಗಿದೆ? ಐದು.

ಬಡಿಸಿದವರು ಎದುರಿಗೆ ನಿಂತು ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಆ ಹುಡುಗಿ ಬಾಗಿಲ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದಳು. ಸ್ಟೋರ್ಸು ಡಿಸ್‌ಪ್ಯಾಚು ಸೇರಿ ಎಂಟು ಜನ ನಾವು. ನಾನು ಹಿರಿಯವಳಾದ್ದರಿಂದ ಎಲ್ಲರೂ, ಅಕ್ಕಾ ಏನ್ ಹಾಕೋದು, ಎಂದು ನನ್ನನ್ನೇ ಕೇಳುತ್ತಿದ್ದರು. ಕಣ್ಣು ಮುಚ್ಚಿ ಐದು ಹಾಕಿ ಎಂದೆ.

ಕಡೆಯ ಪ್ರಶ್ನೆಗೆ ಅಂಕ ಇರಲಿಲ್ಲ. ಸಿಸ್ಟಮ್‌ನಿಂದ ನಿಮಗೆ ದಿನಕ್ಕೆ ಎಷ್ಟು ಗಂಟೆ ಉಳಿತಾಯವಾಗುತ್ತಿದೆ? ಸೊನ್ನೆ, ಒಂದು, ಎರಡು, ಮೂರು, ಅದಕ್ಕಿಂತ ಹೆಚ್ಚು. ನಿಜ ಹೇಳಬೇಕೆಂದರೆ ಸೊನ್ನೆಗಿಂತ ಕೆಳಗಿನದೊಂದು ಬೇಕಿತ್ತು, ಅದು ಅವರು ಕೊಟ್ಟಿರಲಿಲ್ಲ. ಬೆಳಗ್ಗೆ ಎದ್ದು ಪಂಚಶೀಲ ಹೇಳುವವಳು ನಾನು. ಅದರಲ್ಲಿ ನಾಲ್ಕನೆಯದು ಸುಳ್ಳು ಹೇಳಬಾರದು ಎಂದು. ಕೈ ಸ್ವಲ್ಪ ತಡೆಯಿತು. ಒಂದು ಎಂದರೆ ಹುಡುಗಿಗೆ ಅವಮಾನ, ಹೆಚ್ಚು ಎಂದರೆ ಅತಿಯಾಯಿತು, ಮೂರು ಮರ್ಯಾದಸ್ಥ ಸಂಖ್ಯೆ ಎಂದು ಮೂರು ಒತ್ತಿದೆ. ಎಂಟು ಜನವೂ ಮೂರು ಒತ್ತಿದರು. ಸಲಹೆಗಾರರಿಗೆ ಬಹಳ ಖುಷಿಯಾಯಿತು, ನಮ್ಮೆಲ್ಲರ ಕೈ ಕುಲುಕಿದರು.

ಸಂತೋಷವಾಗಿಯೇ ಇದ್ದೆವು. ಒಂದು ದಿನ ಡಿಸ್‌ಪ್ಯಾಚಿನವನು ಚಹಾ ಲೋಟ ಹಿಡಿದುಕೊಂಡು ಬಂದು ನನ್ನೆದುರು ಕೂತ. ಸುಮ್ಮನೆ ಕೂರುವ ಜನ ಅಲ್ಲ ಅವನು. ಆಫೀಸಿನಲ್ಲಿ ಸುದ್ದಿ ಕೇಳಿ ಬಂದಿದ್ದ. ಸಲಹೆಗಾರರು ನಮ್ಮ ಎಂಟು ಜನರ ಮೂರು ಮೂರು ಗಂಟೆಯನ್ನು ಕೂಡಿಸಿದ್ದರು. ಇಪ್ಪತ್ತನಾಲ್ಕು ಗಂಟೆ. ಒಬ್ಬರ ದಿನದ ಕೆಲಸ ಎಂಟು ಗಂಟೆ. ಅಂದಮೇಲೆ ನಮ್ಮಲ್ಲಿ ಮೂರು ಜನ ಸುಮ್ಮನೆ ಇದ್ದಾರೆ. ಯಜಮಾನರು ದೊಡ್ಡ ಮನಸ್ಸಿನವರು, ಮೂರು ಬೇಡ, ಶುರುವಿಗೆ ಒಬ್ಬರು ಸಾಕು ಎಂದಿದ್ದರು.

“ಅಕ್ಕಾ, ಆ ಒಬ್ಬರು ನೀವೇ,” ಎಂದ. “ನರಸಾಪುರದ ಆಚೆ ಹೊಸ ಯೂನಿಟ್ ಬರ್ತಿದೆಯಲ್ಲ, ಅಲ್ಲಿಗಂತೆ.”

ಆ ಯೂನಿಟ್ಟಿಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಊರಿಂದ ಐವತ್ತು ಕಿಲೋಮೀಟರು ಆಚೆ, ವ್ಯಾನು ಇಲ್ಲ, ಮೆಟ್ರೋ ಇಲ್ಲ. ಮರ್ಫಿ ಟೌನಿನಿಂದ ಅಲ್ಲಿಗೆ ದಿನಾ ಹೋಗಿ ಬರುವುದೆಂದರೆ ರಾಜೀನಾಮೆಯನ್ನು ಕಂತಿನಲ್ಲಿ ಕೊಟ್ಟ ಹಾಗೆ. ಡಿಸ್‌ಪ್ಯಾಚಿನವನು ಸಮಾಧಾನ ಮಾಡಲು ಬಂದವನು ಸುಮ್ಮನಿರಲಾರದೆ, ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋದಕ್ಕೆ ಜಾಗ ಇರಲ್ಲ ಅಕ್ಕಾ, ಎಂದ. ಮೂರು ಒತ್ತಿದವರಲ್ಲಿ ನೀನೂ ಒಬ್ಬ, ಎದ್ದು ಹೋಗೋ ಎಂದೆ. ಅವತ್ತು ಮೆಟ್ರೋದಲ್ಲಿ ಹಲಸೂರು ಬಂದದ್ದೂ ತಿಳಿಯಲಿಲ್ಲ, ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದು ವಾಪಸ್ಸು ನಡೆದೆ. ಮನೆಯಲ್ಲಿ ಏನೂ ಹೇಳಲಿಲ್ಲ. ಬೇಳೆಯೋ ಕಾಳೋ ಎಂದು ಗಂಡ ಕೇಳಿದರೆ, ಏನಾದರೂ ಮಾಡಿಕೊಳ್ಳಿ ಎಂದು ಹರಿಹಾಯ್ದೆ.

ಇಷ್ಟರ ಮೇಲೆ ಒಂದು ಗೌರವವೂ ಬಂತು. ಎರಡು ಕಂಪನಿಯ ದೊಡ್ಡವರೂ ಸೇರುವ ಸಭೆ ಇದೆ, ಸಿಸ್ಟಮ್‌ನಿಂದ ಸುಖಪಟ್ಟವರ ಪರವಾಗಿ ನಾನು ಎರಡು ಮಾತಾಡಬೇಕು ಎಂದು ಹೇಳಿಕಳಿಸಿದರು. ಪೂರ್ತಿ ಅಂಕ ಕೊಟ್ಟವರಲ್ಲಿ ನಾನೇ ಹಿರಿಯವಳಂತೆ. ಅಲ್ಲಿ ನಾನು ಲಾಭವಾಗಿದೆ ಎಂದರೆ ನನ್ನ ಸೀಟು ಹೋಗುತ್ತದೆ. ಇಲ್ಲ, ಸುಳ್ಳು ಹೇಳಿದೆ ಎಂದರೆ ಹುಡುಗಿಯ ಕೆಲಸ ಹೋಗುತ್ತದೆ.

ಹುಡುಗಿಗೂ ಸುದ್ದಿ ಮುಟ್ಟಿತ್ತು. ಊಟಕ್ಕೆ ಬಂದು ಕೂತಳು, ನನ್ನ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. “ಅಕ್ಕಾರ, ನೀವು ಖರೇನ ಹೇಳಿಬಿಡ್ರಿ. ನಂದು ನಾ ನೋಡ್ಕೋತೀನಿ.”

ಎಲ್ಲಿ ನೋಡಿಕೊಳ್ಳುತ್ತಾಳೆ? ಸ್ಟೇಷನ್ ಬೆಂಚಿನ ಮೇಲೆ? ಅವಳ ಒಳ್ಳೆಯತನಕ್ಕೆ ನನಗೆ ವಿಪರೀತ ಸಿಟ್ಟು ಬಂತು. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ನಿನ್ನ ಕೆಲಸ ನೀನು ನೋಡು, ನನ್ನ ಬಾಯಿಗೆ ನೀನು ಮಾತು ಕೊಡಬೇಡ ಎಂದೆ. ಇಬ್ಬರೂ ಅವತ್ತು ಸರಿಯಾಗಿ ತಿನ್ನಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಗೋಡೆಯ ತುಂಬ ಪರದೆ. ಪರದೆಯ ಮೇಲೆ ನಮ್ಮ ಮೂರು ಗಂಟೆ ಒಂದು ದೊಡ್ಡ ಹಸಿರು ಕಂಬವಾಗಿ ನಿಂತಿತ್ತು. ಯಜಮಾನರು ಮಧ್ಯದಲ್ಲಿ, ಒಂದು ಪಕ್ಕ ಬಿಳೀ ಬೂಟಿನ ಸಲಹೆಗಾರರು, ಇನ್ನೊಂದು ಪಕ್ಕ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು. ಹುಡುಗಿ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿಕೊಂಡಿದ್ದಳು. ನನಗೆ ಬಿಸ್ಕತ್ತಿನ ತಟ್ಟೆ ಸರಿಸಿದರು. ಬಲಿ ಕೊಡುವ ಮುಂಚೆ ಮೇವು ಹಾಕುತ್ತಾರಲ್ಲ ಎಂದುಕೊಂಡು ಒಂದು ತೆಗೆದುಕೊಂಡೆ.

ಯಜಮಾನರು ಒಳ್ಳೆಯ ದನಿಯಲ್ಲೇ ಕೇಳಿದರು. “ನಿಮಗೆ ದಿನಕ್ಕೆ ಮೂರು ಗಂಟೆ ಸೇವ್ ಆಗ್ತಿದೆ ಅಂತ ನೀವೇ ಹೇಳಿದ್ದೀರ. ನಿಜಾನಾ?”

ಏನು ಹೇಳಬೇಕೆಂದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ. ಬಿಸ್ಕತ್ತು ಬಾಯಲ್ಲಿತ್ತು. ನುಂಗಿದೆ. “ನಿಜ ಸಾರ್, ಉಳಿಯುತ್ತೆ,” ಎಂದೆ.

“ಹಾಗಾದ್ರೆ ಆ ಮೂರು ಗಂಟೆ ಏನ್ ಮಾಡ್ತೀರ?”

“ಸಿಸ್ಟಮ್ಮಿಗೆ ಎಂಟ್ರಿ ಹೊಡೀತೀನಿ ಸಾರ್.”

ಮೂಲೆಯಲ್ಲಿ ಹುಡುಗಿ ತಲೆ ಎತ್ತಿದಳು. ನಾನು ಮುಂದುವರಿಸಿದೆ, ಶುರುಮಾಡಿದ ಮೇಲೆ ನಿಲ್ಲಿಸುವುದು ಕಷ್ಟ. ಸಿಸ್ಟಮ್ ಇಲ್ಲದಿದ್ದರೆ ಈ ಮೂರು ಗಂಟೆ ನಮಗೆ ಉಳಿಯುತ್ತಲೇ ಇರಲಿಲ್ಲ. ಉಳಿದಿರದಿದ್ದರೆ ಸಿಸ್ಟಮ್ಮಿಗೆ ಎಂಟ್ರಿ ಮಾಡಲು ಹೊತ್ತು ಎಲ್ಲಿಂದ ತರಬೇಕಿತ್ತು? ನನ್ನನ್ನು ನರಸಾಪುರಕ್ಕೆ ಕಳಿಸಿದರೆ ಮಾಲೇನೋ ಹೇಗೋ ಹೋಗುತ್ತದೆ, ಆದರೆ ನಿಮ್ಮ ಫೋನಿನಲ್ಲಿ ಕಡ್ಡಿ ಅಲ್ಲಾಡುವುದಿಲ್ಲ ಎಂದೆ. ನಾನು ಹೇಳಿದ್ದರಲ್ಲಿ ಎಷ್ಟು ಅರ್ಥವಿತ್ತೋ ನನಗೇ ತಿಳಿಯದು. ಆದರೆ ಕಡ್ಡಿಯ ಮಾತು ಯಜಮಾನರಿಗೆ ನಾಟಿತು. ಅವರು ಆ ಕಡ್ಡಿಗಳನ್ನು ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ನೋಡುವವರು.

ಸಲಹೆಗಾರರು ಟಕಟಕ ಬರೆದುಕೊಂಡರು. ಉಳಿದ ಸಮಯವನ್ನು ಬಳಕೆದಾರರು ಮಾಹಿತಿಯ ಗುಣಮಟ್ಟಕ್ಕೆ ಮರುಹೂಡಿಕೆ ಮಾಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಜೋರಾಗಿ ಓದಿದರು. ಇಷ್ಟು ದೊಡ್ಡ ಕೆಲಸ ಮಾಡುತ್ತಿದ್ದೇನೆಂದು ನನಗೆ ಅಂದಾಜೇ ಇರಲಿಲ್ಲ. ಸಾಫ್ಟ್‌ವೇರಿನ ಮ್ಯಾನೇಜರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ನರಸಾಪುರದ ಮಾತು ಸದ್ಯಕ್ಕೆ ಬೇಡ ಎಂದು ಯಜಮಾನರು ಅಲ್ಲೇ ಹೇಳಿದರು.

ಹೊರಗೆ ಬಂದೆ. ಹುಡುಗಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು, ಅವಳ ಕೈ ಐಸಿನ ಹಾಗಿತ್ತು. ಸಂಜೆ ನನ್ನ ಜೊತೆಯಲ್ಲೇ ಹಲಸೂರಿನವರೆಗೆ ಬಂದು, ಬೇಡವೆಂದರೂ ಕೇಳದೆ ದರ್ಶಿನಿಯಲ್ಲಿ ಮಸಾಲೆ ದೋಸೆ ಕೊಡಿಸಿದಳು. ನಿಂತುಕೊಂಡೇ ತಿಂದೆವು. ಅವಳು ಒಂದೇ ಸಮನೆ ಮಾತಾಡಿದಳು: ಪರ್ಮನೆಂಟ್ ಆದರೆ ಪೀಜಿ ಬಿಟ್ಟು ಒಂದು ರೂಮು ಹಿಡಿಯುವುದು, ಅಲ್ಲಿ ಖಾರದ ಅಡುಗೆ ಮಾಡಿ ನನ್ನನ್ನು ಕರೆದು ಸಾರು ಎಂದರೇನೆಂದು ತೋರಿಸುವುದು. ನಾನು ನನ್ನ ಬುದ್ಧಿಗೆ ನಾನೇ ಬೀಗುತ್ತಿದ್ದೆ. ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ನೀನು ರಾಜಕೀಯಕ್ಕೆ ಹೋಗಬೇಕಿತ್ತು ಎಂದರು.

ಅವಳು ಪರ್ಮನೆಂಟ್ ಆದಳು. ಇಮೇಲು ಬಂದ ದಿನ ಧಾರವಾಡ ಪೇಡೆ ಹಂಚಿದಳು. ಆಮೇಲೆ ಅವಳ ಕಂಪನಿಯವರು ಅವಳನ್ನು ತರಬೇತಿಗೆಂದು ಕರೆಸಿಕೊಂಡರು. ಒಂದೆರಡು ತಿಂಗಳು ಏಸಿ ಕೆಳಗೆ ಊಟ ಸಪ್ಪೆ ಎನ್ನುವವರು ಯಾರೂ ಇಲ್ಲದೆ ಬೇಸರವಾಗುತ್ತಿತ್ತು. ಅಭ್ಯಾಸಬಲದಿಂದ ಎರಡು ಸಲ ಹೆಚ್ಚಿಗೆ ಡಬ್ಬಿ ಕಟ್ಟಿಕೊಂಡು ಹೋದೆ, ಡಿಸ್‌ಪ್ಯಾಚಿನವನು ತಿಂದ.

ಹೋದ ವಾರ ಅವಳು ಮತ್ತೆ ಬಂದಳು. ಕೊರಳಲ್ಲಿ ಹೊಸ ಬಣ್ಣದ ದಾರದ ಐಡಿ ಕಾರ್ಡು, ಕೈಯಲ್ಲಿ ಹೊಸ ಲ್ಯಾಪ್‌ಟಾಪು, ಹಿಂದೆ ಸಾಫ್ಟ್‌ವೇರಿನ ಮ್ಯಾನೇಜರು. ನಾನು ಎದ್ದು, ಬಾರಮ್ಮಾ, ಸೊರಗಿಬಿಟ್ಟಿದ್ದೀಯಲ್ಲ ಎಂದೆ. ಅವಳು ನಕ್ಕಳು, ಆದರೆ ನನ್ನ ಕಣ್ಣನ್ನು ನೋಡಲಿಲ್ಲ. ಮ್ಯಾನೇಜರು ಉತ್ಸಾಹದಿಂದ ವಿವರಿಸಿದರು. ಅವತ್ತಿನ ಸಭೆಯಲ್ಲಿ ನಾನು ಆಡಿದ ಮಾತು ಅವರ ಕಂಪನಿಯ ಕಣ್ಣು ತೆರೆಸಿತಂತೆ. ಬಳಕೆದಾರರ ಮೂರು ಗಂಟೆ ಎಂಟ್ರಿಗೇ ಹೋಗುತ್ತಿದೆ! ಅದನ್ನು ಉಳಿಸಲು ಅವರು ಅಂಗಡಿಯಲ್ಲಿ ಬಿಲ್ಲು ಮಾಡುವಾಗ ಹಿಡಿಯುವಂಥ ಒಂದು ಗನ್ನು ತಂದಿದ್ದರು. ಮೂಟೆಯ ಮೇಲಿನ ಬಾರ್‌ಕೋಡ್ ಚೀಟಿಗೆ ಹಿಡಿದು ಕುದುರೆ ಒತ್ತಿದರೆ ಎಂಟ್ರಿ ತಾನಾಗಿ ಆಗುತ್ತದೆ, ಯಾರೂ ಕೂತು ಹೊಡೆಯಬೇಕಾಗಿಲ್ಲ. ಯಜಮಾನರು ಒಪ್ಪಿದ್ದಾರೆ. ಒಂದೇ ಷರತ್ತು, ಈಗ ಎಂಟ್ರಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲು ಅಳೆದು ತೋರಿಸಬೇಕು. ಈ ಕೆಲಸವನ್ನು ಹುಡುಗಿಗೇ ಒಪ್ಪಿಸಿದ್ದೇವೆ, ಪರ್ಮನೆಂಟ್ ಆದ ಮೇಲೆ ಅವಳ ಮೊದಲ ಪ್ರಾಜೆಕ್ಟು, ನಿಮ್ಮ ಆಶೀರ್ವಾದ ಇರಲಿ ಮೇಡಮ್ ಎಂದು ಹೇಳಿ ಅವರು ಚಹಾ ಕುಡಿಯಲು ಹೋದರು.

ನಾವಿಬ್ಬರೇ ಉಳಿದೆವು. ಅವಳು ಚಕ್ರದ ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಬೆಳಗಿನ ಚೀಟಿಗಳ ಕಟ್ಟು ನನ್ನ ಎದುರಿಗಿತ್ತು. ಅವಳು ಫೋನು ತೆಗೆದು ಸ್ಟಾಪ್‌ವಾಚ್ ತೆರೆದು ಮೇಜಿನ ಮೇಲಿಟ್ಟಳು. ಸೊನ್ನೆಗಳ ಸಾಲು.

ನಾನು ಕೀಬೋರ್ಡಿನ ಮೇಲೆ ಕೈ ಇಟ್ಟವಳು ಹಾಗೇ ಕೂತೆ. ನಿಧಾನಕ್ಕೆ ಹೊಡೆದರೆ ಮೂರು ಗಂಟೆ ಹೌದು ಎಂದಾಗುತ್ತದೆ. ಗನ್ನು ಬರುತ್ತದೆ, ಆ ಮೂರು ಗಂಟೆಯ ಜೊತೆಗೆ ನನ್ನನ್ನೂ ಉಳಿತಾಯ ಮಾಡುತ್ತದೆ. ಬೇಗ ಹೊಡೆದು ಮುಗಿಸಿದರೆ ಗನ್ನು ಬೇಕಾಗುವುದಿಲ್ಲ, ಆದರೆ ಯಜಮಾನರು ಕೇಳುತ್ತಾರೆ, ಹಾಗಾದರೆ ಮಿಕ್ಕ ಹೊತ್ತೆಲ್ಲ ಎಲ್ಲಿ ಹೋಗುತ್ತಿತ್ತು ಎಂದು. ಎರಡರ ಕೊನೆಗೂ ನರಸಾಪುರವೇ ಕಾಣಿಸಿತು. ಅವಳು ಓದಿದವಳು, ಲೆಕ್ಕ ನನಗಿಂತ ಬೇಗ ಮಾಡುತ್ತಾಳೆ, ದಾರಿ ಅವಳಿಗೆ ಹೊಳೆದಿರುತ್ತದೆ ಎಂದುಕೊಂಡೆ.

“ಬೇಗ ಹೊಡೀಲೋ, ನಿಧಾನಕ್ಕೆ ಹೊಡೀಲೋ? ನೀನೇ ಹೇಳಮ್ಮಾ,” ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಮ್ಯಾನೇಜರು ಚಹಾ ಲೋಟ ಹಿಡಿದು ವಾಪಸ್ಸು ಬರುತ್ತಿದ್ದರು. ಅವಳ ಕಣ್ಣಲ್ಲಿ ನೀರಿತ್ತು.

“ನಂಗೂ ತಿಳೀವಲ್ದ್ರೀ ಅಕ್ಕಾರ,” ಎಂದಳು. ಆಮೇಲೆ ಗುಂಡಿ ಒತ್ತಿದಳು.